ರೋಗದ ಸುದ್ದಿಗೆ ತಲಪಾಡಿಯಲ್ಲಿ ತಡೆ ಬೇಡ

2018ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಆಸ್ಪತ್ರೆಯೊಂದಕ್ಕೆ ದಾಖಲಾದ ರೋಗಿಯ ಗಂಟಲ ದ್ರವ, ರಕ್ತ, ಮೂತ್ರ ಮತ್ತು ಬೆನ್ನುಹುರಿ ದ್ರವದ ಮಾದರಿಗಳು ರಾಜ್ಯದ ಗಡಿ ದಾಟಿ ಮಣಿಪಾಲಕ್ಕೆ ಬಂದವು. ಡಾ. ಜಿ. ಅರುಣ್‌ಕುಮಾರ್ ನೇತೃತ್ವದ ಇಲ್ಲಿನ ವೈರಾಣು ಸಂಶೋಧನಾ ಕೇಂದ್ರ ಅದು ನಿಫಾ ಎಂದು ಗುರುತಿಸಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಒಂದೇ ಮನೆಯ ಎರಡನೇ ರೋಗಿಯಲ್ಲೇ ರೋಗ ಪತ್ತೆಯಾದ್ದರಿಂದ ಸಂಪರ್ಕಿತರನ್ನು ಹುಡುಕಿ ನಿಗಾದಲ್ಲಿಡಲು ಸಾಧ್ಯವಾಯಿತು. ಕೇರಳ 17 ಜೀವಗಳನ್ನು ಕಳೆದುಕೊಂಡಿತು, ಆದರೆ ಕೆಲವೇ ವಾರಗಳಲ್ಲಿ ಸೋಂಕನ್ನು ಕಟ್ಟಿಹಾಕಿತು. 2001ರಲ್ಲಿ ಸಿಲಿಗುರಿಯಲ್ಲೂ ಗಡಿಯಾಚೆ ಬಾಂಗ್ಲಾದೇಶದ ಮೆಹರ್‌ಪುರದಲ್ಲೂ ಇದೇ ರೋಗ ಕಾಣಿಸಿಕೊಂಡಾಗ ಎರಡೂ ಕಡೆ ಅದು ನಿಫಾ ಎಂದು ತಿಳಿದದ್ದು ವರ್ಷಗಳ ಬಳಿಕ. ನೆರೆಯವರ ನಡುವೆ ಮಾದರಿ ಮತ್ತು ಮಾಹಿತಿ ಬೇಗ ಓಡಾಡಿದರೆ ಜೀವ ಉಳಿಯುತ್ತದೆ.

ಎರಡೇ ವರ್ಷದಲ್ಲಿ ನಾವು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡೆವು. 2020ರ ಮಾರ್ಚ್‌ನಲ್ಲಿ ಕೋವಿಡ್ ಭೀತಿಯಿಂದ ಕರ್ನಾಟಕವು ಕೇರಳ ಗಡಿಯ ತಲಪಾಡಿಯನ್ನು ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಚಿಕಿತ್ಸೆ ಸಿಗದೆ ಸತ್ತರು. ವಿಷಯ ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲಷ್ಟೇ ತುರ್ತು ರೋಗಿಗಳ ಸಂಚಾರಕ್ಕೆ ಒಪ್ಪಿತ ನಿಯಮ ಬಂತು. ತನ್ನ ಜನರನ್ನು ಕಾಯುವುದು ಸರ್ಕಾರದ ಕರ್ತವ್ಯವಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಕರ್ತವ್ಯವೇ. ಆದರೆ ಸೋಂಕು ತಗಲಿ ಲಕ್ಷಣ ಕಾಣಿಸಿಕೊಳ್ಳಲು ನಿಫಾಕ್ಕೆ ಸಾಮಾನ್ಯವಾಗಿ 4ರಿಂದ 14 ದಿನ ಬೇಕು. ಜ್ವರವೇ ಇಲ್ಲದವನನ್ನು ಚೆಕ್‌ಪೋಸ್ಟ್‌ನ ಥರ್ಮಾಮೀಟರ್ ಹೇಗೆ ಹಿಡಿದೀತು? ಆತ ಹೆದ್ದಾರಿ 66ರಲ್ಲಿ ಕಾಪು ದಾಟಿ ಉಡುಪಿ ತಲುಪಿ ವಾರದ ನಂತರ ಜ್ವರದಿಂದ ಮಲಗಿದಾಗ, ಆತ ಎಲ್ಲಿಂದ ಬಂದ, ಅಲ್ಲಿ ಯಾವ ರೋಗವಿದೆ ಎಂಬುದು ಇಲ್ಲಿನ ವೈದ್ಯರಿಗೆ ಗೊತ್ತಿರಬೇಕು. ಆಗಲೇ ರಕ್ಷಣೆ.

ಕೇಂದ್ರದ ಸಮಗ್ರ ರೋಗ ಕಣ್ಗಾವಲು ಯೋಜನೆ 2004ರಿಂದಲೇ ಇದೆ, ಗಡಿ ಜಿಲ್ಲೆಗಳ ನಡುವೆ ಹೊಸ ವ್ಯವಸ್ಥೆ ಯಾಕೆ ಎಂಬ ಆಕ್ಷೇಪವೂ ಬರಬಹುದು. ಅದರಲ್ಲಿ ವರದಿ ಜಿಲ್ಲೆಯಿಂದ ರಾಜಧಾನಿಗೆ, ಅಲ್ಲಿಂದ ದೆಹಲಿಗೆ ಏರುತ್ತದೆ. ಪಕ್ಕದ ಜಿಲ್ಲೆಗೆ ಬೇಕಾದದ್ದು ನೇರ ಸಂಪರ್ಕ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದು ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ್‌ವರೆಗೆ ಹಬ್ಬಿದೆ. ಕಾಡಿನಲ್ಲಿ ಸತ್ತ ಮಂಗನ ಸುದ್ದಿ ನಾಲ್ಕೂ ರಾಜ್ಯಗಳಿಗೆ ಮುನ್ನೆಚ್ಚರಿಕೆಯಾಗಬೇಕು. ಆರೋಗ್ಯ ರಾಜ್ಯದ ವಿಷಯ ಎಂಬ ವಾದವೂ ಅಡ್ಡಿಯಲ್ಲ: ಸೋಂಕು ರಾಜ್ಯದಿಂದ ರಾಜ್ಯಕ್ಕೆ ಹರಡದಂತೆ ತಡೆಯುವುದನ್ನು ಸಂವಿಧಾನ ಸಮವರ್ತಿ ಪಟ್ಟಿಯಲ್ಲಿಟ್ಟಿದೆ. ಸುದ್ದಿ ಹೊರಬಿದ್ದರೆ ಪ್ರವಾಸೋದ್ಯಮಕ್ಕೆ ಪೆಟ್ಟು, ರೋಗಿಗೆ ಕಳಂಕ ಎಂಬ ಭಯ ನಿಜವಾದದ್ದೇ. ಹಾಗಾಗಿ ಹೆಸರು, ವಿಳಾಸ ಅಧಿಕಾರಿಗಳ ನಡುವೆಯೇ ಉಳಿಯಲಿ. ಮುಚ್ಚಿಟ್ಟ ಸುದ್ದಿ ವದಂತಿಯಾಗಿ ಹೊರಬಂದಾಗ ಆಗುವ ನಷ್ಟ ಇನ್ನೂ ದೊಡ್ಡದು.

ಕಾಂಬೋಡಿಯಾ, ಚೀನಾ, ಲಾವೋಸ್, ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ 2001ರಲ್ಲೇ ಮೆಕಾಂಗ್ ಕಣಿವೆಯ ರೋಗ ಕಣ್ಗಾವಲಿಗೆ ಒಪ್ಪಂದ ಮಾಡಿಕೊಂಡವು. ಬೇರೆ ಬೇರೆ ದೇಶಗಳಿಗೆ ಸಾಧ್ಯವಾದದ್ದು ಒಂದೇ ದೇಶದ ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಜಿಲ್ಲೆಗಳಿಗೆ ಆಗದೆ? ಮೂರೂ ಜಿಲ್ಲೆಗಳ ಕಣ್ಗಾವಲು ಅಧಿಕಾರಿಗಳು ವಾರಕ್ಕೊಮ್ಮೆ ಮಾತಾಡಲಿ, ಮಾದರಿ ಪರೀಕ್ಷೆಗೆ ಲಿಖಿತ ಒಪ್ಪಂದವಿರಲಿ, ಯಾವ ಲಾಕ್‌ಡೌನ್‌ನಲ್ಲೂ ಆಂಬುಲೆನ್ಸ್ ನಿಲ್ಲದಂತೆ ಮೊದಲೇ ನಿಯಮವಾಗಲಿ. ಇದಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಎರಡು ಸರ್ಕಾರಗಳ ಸಹಿ ಬೇಕು, ಅದೂ ಮುಂದಿನ ಸೋಂಕು ಬರುವ ಮೊದಲು.