ಅರ್ಜಿಗೆ ಕಡೆಯ ತಾರೀಖುಂಟು, ಹಣಕ್ಕೆ ಏಕಿಲ್ಲ?

ಕಾಲೇಜಿನ ಫೀಜು ಕಟ್ಟಲು ಕಡೆಯ ತಾರೀಖುಂಟು, ತಪ್ಪಿದರೆ ದಂಡ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕಡೆಯ ತಾರೀಖುಂಟು. ತಪ್ಪಿದರೆ ಆ ವರ್ಷದ ಆಸೆ ಬಿಡಬೇಕು. ಆದರೆ ಅರ್ಜಿ ಹಾಕಿದ ಮೇಲೆ ಹಣ ಹುಡುಗನ ಕೈ ಸೇರುವುದು ಯಾವ ತಾರೀಖಿಗೆ? ತಡವಾದರೆ ದಂಡ ಕಟ್ಟುವವರು ಯಾರು? ಅರಸೀಕೆರೆಯಲ್ಲಿ ಕೇಳಿದೆವು, ಬೇಲೂರಿನಲ್ಲಿ ಕೇಳಿದೆವು, ಹಳೇಬೀಡಿನಲ್ಲಿಯೂ ಕೇಳಿದೆವು. ಎಲ್ಲ ಕಡೆಯೂ ಒಂದೇ ಉತ್ತರ: "ಮೇಲಿಂದ ಬರಬೇಕು, ಬಂದಾಗ ಬರುತ್ತದೆ."

ನಾವು ಕೆಲವು ವರ್ಷ ಮೇಷ್ಟ್ರ ಕೆಲಸ ಮಾಡಿದವರು. ಮೆಟ್ರಿಕ್ಕಿನಿಂದ ಮುಂದೆ ಓದುವ ಯೋಗ ನಮಗೆ ಬರಲಿಲ್ಲ. ನಮ್ಮ ಕೈಯಲ್ಲಿ ಅಕ್ಷರ ತಿದ್ದಿದವರಾದರೂ ಕಾಲೇಜಿನ ಮೆಟ್ಟಿಲು ಹತ್ತಲಿ ಎಂಬ ಆಸೆ ಇತ್ತು. ಹಾಗೆ ಹತ್ತಿದವರಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿಯ ಹಮಾಲಿಯೊಬ್ಬರ ಮಗನೂ ಒಬ್ಬ. ಕಾಲೇಜಿನವರು ಹೇಳಿದರು: "ಮೊದಲು ಫೀಜು ಕಟ್ಟಪ್ಪ, ಸ್ಕಾಲರ್‌ಷಿಪ್ಪು ಆಮೇಲೆ ನಿನ್ನ ಖಾತೆಗೇ ಬರುತ್ತೆ." ತಾಯಿಯ ಕಿವಿಯ ಓಲೆ ಗಿರವಿ ಅಂಗಡಿಗೆ ಹೋಯಿತು. ಮೊದಲ ವರ್ಷ ಕಳೆಯಿತು, ಹಣ ಬರಲಿಲ್ಲ. ಎರಡನೆಯ ವರ್ಷದ ಫೀಜಿಗೆ ಅಡವಿಡಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಹುಡುಗ ಅಪ್ಪನ ಜೊತೆ ಮೂಟೆ ಹೊರಲು ನಿಂತ. ಅವನು ಕಾಲೇಜು ಬಿಟ್ಟ ಮೂರು ತಿಂಗಳಿಗೆ ಮೊದಲ ವರ್ಷದ ಹಣ ಬಂದು ಖಾತೆಗೆ ಬಿತ್ತು. ಅದು ಓಲೆಯ ಬಡ್ಡಿಗೆ ಹೋಯಿತು. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಈ ಹುಡುಗ ಸಹಾಯ ಪಡೆದ ಫಲಾನುಭವಿ. ನಮ್ಮ ಲೆಕ್ಕದಲ್ಲಿ?

ಅರ್ಜಿಯ ದಾರಿಯನ್ನೂ ಸ್ವಲ್ಪ ನೋಡೋಣ. ಹಳೇಬೀಡಿನ ದೇವಸ್ಥಾನದ ಎದುರು ಎಳನೀರು ಮಾರುವವರ ಮಗಳು ಪದವಿಗೆ ಸೇರಿದಳು ಎನ್ನಿ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯದ ಪ್ರಮಾಣಪತ್ರ ಮಾಡಿಸಬೇಕು. ಅದರ ಆರ್.ಡಿ. ನಂಬರು ಹಿಡಿದು ಕಂಪ್ಯೂಟರ್ ಅಂಗಡಿಗೆ ಹೋಗಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ತುಂಬಿಸಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಇದ್ದು ಆಧಾರಿನಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ನಿಂತಿತು. ಇದೆಲ್ಲ ಮುಗಿಯುವ ಹೊತ್ತಿಗೆ ಬೇಲೂರಿಗೆ ನಾಲ್ಕು ಸಲ, ಹಾಸನಕ್ಕೆ ಎರಡು ಸಲ ಓಡಾಟ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹುಡುಗಿಗೆ ಟಿಕೆಟ್ಟಿಲ್ಲ, ಸಂತೋಷ. ಜೊತೆಗೆ ಬರುವ ಅಪ್ಪನಿಗೆ ಟಿಕೆಟ್ಟುಂಟು, ಆ ದಿನ ಅಂಗಡಿಯೂ ಬಂದು. ಅರ್ಜಿಗೆ ಶುಲ್ಕವಿಲ್ಲ ಎನ್ನುವ ಮಹನೀಯರು ಈ ಖರ್ಚನ್ನು ಯಾವ ಬಾಬ್ತಿನಲ್ಲಿ ಬರೆಯುತ್ತಾರೆ?

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮಗೂ ಹೆಮ್ಮೆಯೇ. ಆ ಕಾಲದ ಶಾಸನಗಳಲ್ಲಿ ವಿದ್ಯಾದಾನಕ್ಕೆಂದು ಬಿಟ್ಟ ಭೂಮಿಯ ಮಾತು ಬರುತ್ತದೆ. ಆದರೆ ಅದು ದಾನ. ಕೊಟ್ಟವನು ದೊರೆ, ಪಡೆದವರು ಕೆಲವರು. ಕಲ್ಲು ಕಡಿದವನ ಮಗನಿಗೆ ಅದರಲ್ಲಿ ಪಾಲು ಇತ್ತೆಂದು ನಾವು ಎಲ್ಲಿಯೂ ಓದಿಲ್ಲ. ಇಂದಿನ ವಿದ್ಯಾರ್ಥಿವೇತನ ಆ ಜಾತಿಯ ದಾನವಲ್ಲ. ಹಿಂದುಳಿದವರು ಏಕೆ ಮುಂದೆ ಬರಲಾಗಿಲ್ಲ ಎಂದು ವಿಚಾರಿಸಲು ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿತು. 1944ರ ಸುಮಾರಿಗೆ, ಡಾ. ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ, ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಬಳಿಕ ಸಂವಿಧಾನದ 46ನೆಯ ವಿಧಿ ದುರ್ಬಲ ವರ್ಗಗಳ ವಿದ್ಯೆಯ ಹಿತವನ್ನು ಸರ್ಕಾರದ ಹೊಣೆಯೆಂದು ಬರೆಯಿತು. ದೇವರಾಜ ಅರಸರ ಕಾಲದಲ್ಲಿ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದವರಿಗೆಂದು 2013ರಲ್ಲಿ ವಿದ್ಯಾಸಿರಿ ಬಂತು; ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಲೆಕ್ಕ ಹಾಕಿದರು. ಇವೆಲ್ಲ ಕೇಳಿ, ಹೋರಾಡಿ ಪಡೆದ ಹಕ್ಕುಗಳು. ಹಕ್ಕನ್ನು ತಡಮಾಡಿ ಕೊಟ್ಟು ಕೊಟ್ಟು ಅದನ್ನು ಮತ್ತೆ ದಾನವಾಗಿಸುವುದನ್ನು ನಾವು ಒಪ್ಪುವುದಿಲ್ಲ.

ಇದು ಯಾರ ಹಣ? ಸೋಪಿನ ಮೇಲೆ, ಚಪ್ಪಲಿಯ ಮೇಲೆ ತೆರಿಗೆ ಕೊಟ್ಟವರ ಹಣ. ಗಿರಣಿ ಕಾರ್ಮಿಕರಂತೂ ಇನ್ನೂ ನೇರವಾಗಿ ಕೊಟ್ಟಿದ್ದಾರೆ. 1965ರ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆಯಂತೆ ಕಾರ್ಮಿಕನದೊಂದು ಪಾಲು, ಮಾಲೀಕನದೊಂದು ಪಾಲು, ಸರ್ಕಾರದ್ದೊಂದು ಪಾಲು ಸೇರಿ ನಿಧಿಯಾಗುತ್ತದೆ. ಕಾರ್ಮಿಕರ ಮಕ್ಕಳ ಓದಿಗೆ ಅದರಿಂದ ಧನಸಹಾಯವುಂಟು. ನಮ್ಮ ಎಣ್ಣೆ ಗಿರಣಿ, ಅಕ್ಕಿ ಗಿರಣಿಗಳಲ್ಲಿ ಎಷ್ಟು ಜನಕ್ಕೆ ಈ ಸಂಗತಿ ಗೊತ್ತು? ಗೊತ್ತಿದ್ದರೂ ಮಾಲೀಕನ ಸಹಿ ಬೇಕು, ಮೊಹರು ಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ ದುಡಿಯುವವನ ಮಗಳಿಗೆ ಸಹಿ ಹಾಕುವವರಾರು? ಕಟ್ಟಡ ಕಾರ್ಮಿಕರ ನಿಧಿಯೂ ಸರ್ಕಾರ ಕೈಯಿಂದ ಹಾಕಿದ್ದಲ್ಲ, ಕಟ್ಟಡದ ವೆಚ್ಚದ ಮೇಲಿನ ಸೆಸ್ಸಿನಿಂದ ಬಂದದ್ದು. ಅದರಲ್ಲಿ ಮಕ್ಕಳ ಓದಿಗೆ ಕೊಡುವ ಮೊತ್ತವನ್ನು 2023ರಲ್ಲಿ ಕಡಿತ ಮಾಡಿದರು. ಮಕ್ಕಳು ಪುಸ್ತಕ ಬಿಟ್ಟು ಹೈಕೋರ್ಟಿಗೆ ಹೋಗಬೇಕಾಯಿತು.

ಅಧಿಕಾರಿಗಳ ಸಮಾಧಾನ ನಮಗೆ ತಿಳಿಯದ್ದಲ್ಲ. "ಮೋಸದ ಅರ್ಜಿಗಳು ಬರುತ್ತವೆ, ಪರಿಶೀಲನೆ ಮಾಡಬೇಡವೇ?" ಮಾಡಿರಿ, ಬೇಡವೆಂದವರಾರು? ಆದರೆ ಮೋಸ ಎಲ್ಲಿ ನಡೆಯುತ್ತದೆಂಬುದನ್ನೂ ನೋಡಿರಿ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದಲ್ಲಿ 830 ಸಂಸ್ಥೆಗಳು ಬೋಗಸ್ಸೆಂದು ಕೇಂದ್ರದ ಇಲಾಖೆಯೇ 2023ರಲ್ಲಿ ಹೇಳಿ, ತನಿಖೆಯನ್ನು ಸಿ.ಬಿ.ಐ.ಗೆ ವಹಿಸಿತು. ಸುಳ್ಳು ಸಂಸ್ಥೆಗಳನ್ನು ಕಟ್ಟಿದವರು ಹಮಾಲಿಯ ಮಕ್ಕಳಲ್ಲ. ಪರಿಶೀಲನೆಗೆ ಆರು ತಿಂಗಳು ಬೇಕಾದರೆ ಆ ಆರು ತಿಂಗಳ ಭಾರ ಸರ್ಕಾರದ ಹೆಗಲ ಮೇಲಿರಲಿ. ತಾಯಿಯ ಓಲೆಯ ಮೇಲೆ ಏಕೆ?

ಇನ್ನೊಂದು ನೆಪ ದೆಹಲಿ ಮತ್ತು ಬೆಂಗಳೂರಿನದು. ಪರಿಶಿಷ್ಟ ಜಾತಿಯವರ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40 ಎಂದು 2020ರ ಕೊನೆಯಲ್ಲಿ ಗೊತ್ತುಮಾಡಿದರು. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರ ತನ್ನದನ್ನು ಹಾಕಬೇಕು. ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು ತೋರಿಸುತ್ತಾರೆ. ಕಾಲೇಜಿನ ಕೌಂಟರಿನಲ್ಲಿ ನಿಂತ ಹುಡುಗಿ ಯಾರನ್ನು ತೋರಿಸಬೇಕು?

"ಬ್ಯಾಂಕಿನಲ್ಲಿ ಸಾಲ ತೆಗೆಯಲಿ" ಎನ್ನುವವರೂ ಇದ್ದಾರೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ವಿದ್ಯಾಲಕ್ಷ್ಮಿ ಯೋಜನೆ ದೇಶದ 860 ಮೇಲ್ದರ್ಜೆಯ ಸಂಸ್ಥೆಗಳಿಗೆ ಸೇರಿದವರಿಗೆಂದು ಮಾಡಿದ್ದು. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ಓದುವವರ ಕಷ್ಟಕ್ಕೆ ಅದು ಔಷಧವಲ್ಲ. ಹಕ್ಕಿನ ಹಣ ಬಾಕಿ ಇಟ್ಟುಕೊಂಡವನು ಸಾಲದ ಅಂಗಡಿಗೆ ದಾರಿ ತೋರಿಸುವುದು ಯಾವ ನೀತಿ?

ನಾವು ಕೇಳುವುದು ಆಕಾಶದ ಹಣ್ಣಲ್ಲ. ಪರಿಶಿಷ್ಟ ಜಾತಿಯ ಅರ್ಹ ವಿದ್ಯಾರ್ಥಿಗೆ ಫ್ರೀಷಿಪ್ ಕಾರ್ಡು ಕೊಡಬೇಕು, ಅವನಿಂದ ಮುಂಗಡ ಫೀಜು ಕೇಳದೆ ಸೇರಿಸಿಕೊಳ್ಳಬೇಕು, ವಿದ್ಯಾರ್ಥಿವೇತನ ಬಂದ ಮೇಲೆ ಅವನು ಕಟ್ಟಬೇಕು ಎಂಬ ನಿಯಮ ಕೇಂದ್ರದ 2021ರ ಮಾರ್ಗಸೂಚಿಯಲ್ಲಿಯೇ ಇದೆ. ಅದು ಕಾಗದದಿಂದ ಕಾಲೇಜಿನ ಕೌಂಟರಿಗೆ ಇಳಿಯಲಿ. ಎಲ್ಲ ಜಾತಿಯ ಬಡವರಿಗೂ ವಿಸ್ತರಿಸಲಿ. ಇದು ಮೊದಲನೆಯದು. ಎರಡನೆಯದು, ಸಕಾಲ ಕಾಯಿದೆಯ ತತ್ತ್ವ. 2011ರ ಆ ಕಾಯಿದೆ ಕಚೇರಿಯ ಕೆಲಸಕ್ಕೆ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರ ಎಂದಿತು. ಪ್ರಮಾಣಪತ್ರದ ಕಾಗದಕ್ಕೆ ಗಡುವು ಸಾಧ್ಯವಾದರೆ ವಿದ್ಯಾರ್ಥಿವೇತನದ ಹಣ ಖಾತೆಗೆ ಬೀಳುವುದಕ್ಕೂ ಸಾಧ್ಯ. ಮೂರನೆಯದು, ಅರ್ಜಿ ತುಂಬುವ ಕೆಲಸ ಕಾಲೇಜಿನಲ್ಲಿಯೇ, ಬಿಟ್ಟಿಯಾಗಿ ನಡೆಯಲಿ. ತಪ್ಪಿದ್ದರೆ ಅಲ್ಲಿಯೇ ತಿದ್ದಲಿ.

ಅಲ್ಲಿಯವರೆಗೆ ನಾವೂ ಕೈಕಟ್ಟಿ ಕೂರುವುದು ಬೇಡ. ಗಿರಣಿಯಲ್ಲಿ ದುಡಿಯುವವರು ಹಾಜರಿ ಪುಸ್ತಕದಲ್ಲಿ ಹೆಸರಿದೆಯೇ ಎಂದು ಈ ವಾರವೇ ಕೇಳಿರಿ. ಒಬ್ಬೊಬ್ಬರೇ ಅಲ್ಲ, ಹತ್ತು ಜನ ಕೂಡಿ ಕೇಳಿರಿ. ಅಂಗಡಿಯವರು ಅರ್ಜಿ ಕರೆದ ಸುದ್ದಿಯನ್ನೂ ಕಡೆಯ ತಾರೀಖನ್ನೂ ಹಲಗೆಯ ಮೇಲೆ ಬರೆದು ಹಾಕಿರಿ. ಅರ್ಜಿಯ ಸ್ವೀಕೃತಿ ಚೀಟಿಯನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿರಿ. ಹಣ ಬಾರದವರ ಚೀಟಿಗಳನ್ನೆಲ್ಲ ಒಂದುಗೂಡಿಸಿ, ಎಲ್ಲರೂ ಸೇರಿ ತಾಲ್ಲೂಕು ಕಚೇರಿಯ ಮೇಜಿನ ಮೇಲಿಡೋಣ. ಒಬ್ಬನ ಚೀಟಿ ಅಹವಾಲು. ನೂರು ಜನರ ಚೀಟಿ ಲೆಕ್ಕ. ಲೆಕ್ಕಕ್ಕೆ ಸರ್ಕಾರ ಉತ್ತರ ಕೊಡಲೇಬೇಕು, ತಾರೀಖು ಹಾಕಿ ಕೊಡಬೇಕು.