ಮನೆ ಹರಾಜಾದ್ರೂ ಸಾಲ ಮುಗಿಯಲ್ಲ: ಉಳಿದ ಬಾಕಿ ಯಾರ ತಲೆಗೆ?

‘ಬೀಗದ ಕೈ ಕೊಟ್ಟಾಯ್ತು, ಇನ್ನು ಬ್ಯಾಂಕಿಗೂ ನಮಗೂ ಲೆಕ್ಕ ಚುಕ್ತಾ.’ ಮನೆ ಕಳೆದುಕೊಂಡವರಲ್ಲಿ ಬಹಳ ಜನ ಹೀಗೇ ಅಂದ್ಕೊಂಡಿರ್ತಾರೆ. ಕಾನೂನು ಹಾಗೆ ಹೇಳಲ್ಲ. ಹರಾಜಿನ ದುಡ್ಡು ಸಾಲಕ್ಕೆ ಸಾಲದಿದ್ದರೆ ಉಳಿದದ್ದು ಸಾಲಗಾರನ ಹೆಸರಲ್ಲೇ ಇರುತ್ತದೆ.

ಬ್ಯಾಂಕುಗಳು ಕೋರ್ಟಿಗೆ ಹೋಗದೆ ಮನೆ ವಶಕ್ಕೆ ಪಡೆಯುವುದು 2002ರ ಸರ್ಫೇಸಿ ಕಾಯ್ದೆ ಅಡಿ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ. ಕೃಷಿ ಜಮೀನಿಗೆ ಈ ಕಾಯ್ದೆ ತಾಗಲ್ಲ. ಆದರೆ ಕನ್ವರ್ಷನ್ ಆದ ಸೈಟಿನಲ್ಲಿ ಕಟ್ಟಿದ ಮನೆಗೆ ತಾಗುತ್ತದೆ. ಅಂಗಡಿಯ ಓಡಿ ಸಾಲಕ್ಕೆ ಮನೆಪತ್ರ ಇಟ್ಟಿದ್ದರೂ ಅಷ್ಟೇ.

ಬಾಕಿ ಹೇಗೆ ಉಳಿಯುತ್ತದೆ ಅನ್ನೋದಕ್ಕೆ ಒಂದು ಲೆಕ್ಕ ನೋಡಿ. ನೋಟಿಸ್ ಬಂದಾಗ ಸಾಲ 28 ಲಕ್ಷ ಅಂತಿಟ್ಟುಕೊಳ್ಳಿ. ಹರಾಜು ಆಗುವಷ್ಟರಲ್ಲಿ ಬಡ್ಡಿ, ಜಾಹೀರಾತು, ವಕೀಲರ ಖರ್ಚು ಎಲ್ಲ ಸೇರಿ 33 ಲಕ್ಷ. ಮೊದಲ ಹರಾಜಿಗೆ ಯಾರೂ ಬರಲ್ಲ, ಮುಂದಿನ ಸಲ ದರ ಇಳಿಸುತ್ತಾರೆ. ಕೊನೆಗೆ 24 ಲಕ್ಷಕ್ಕೆ ಹೋಗುತ್ತದೆ. ಮನೆಯೂ ಹೋಯಿತು, ಮೇಲೆ 9 ಲಕ್ಷ ಬಾಕಿ. ಜಗಳ ಇರುವ ಮನೆ ಅಂತ ಗೊತ್ತಾದರೆ ಕೊಳ್ಳುವವರು ಮಾರ್ಕೆಟ್ ರೇಟ್ ಕೊಡಲ್ಲ, ಅದು ಊರಿಗೆಲ್ಲ ಗೊತ್ತಿರುವ ವಿಷಯ.

ಈ 9 ಲಕ್ಷ ವಸೂಲಿಗೆ ಕಾಯ್ದೆಯ 13(10)ನೇ ಕಲಂ ದಾರಿ ಕೊಡುತ್ತದೆ. 20 ಲಕ್ಷ ಮೇಲ್ಪಟ್ಟ ಬಾಕಿಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ, ಕಡಿಮೆಯಾದರೆ ಸಿವಿಲ್ ಕೋರ್ಟ್. ಅಲ್ಲಿ ಆದೇಶವಾದರೆ ಬೇರೆ ಸೈಟು, ಬ್ಯಾಂಕ್ ಖಾತೆ, ಅಂಗಡಿಯ ಮಾಲು ಜಪ್ತಿಯಾಗಬಹುದು. ಸಾಲ ಕಟ್ಟಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಪೊಲೀಸ್ ಕೇಸ್ ಆಗಲ್ಲ. ಬೌನ್ಸ್ ಆದ ಚೆಕ್ಕಿನ ವಿಷಯ ಬೇರೆ.

ಉಲ್ಟಾನೂ ಇದೆ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ, ಖರ್ಚು ಮತ್ತು ಸಾಲ ಕಳೆದು ಉಳಿದದ್ದನ್ನು ಬ್ಯಾಂಕ್ ವಾಪಸ್ ಕೊಡಬೇಕು. ಆದ್ದರಿಂದ ಹರಾಜಾದ ಮೇಲೆ ಪೂರ್ತಿ ಲೆಕ್ಕದ ಪಟ್ಟಿಯನ್ನು ಅರ್ಜಿ ಕೊಟ್ಟು ಕೇಳಬೇಕು. ಮನೆ ಹೋದ ಬೇಜಾರಲ್ಲಿ ಆ ಶಾಖೆಯ ಮೆಟ್ಟಿಲು ಹತ್ತೋಕೇ ಮನಸ್ಸು ಬರಲ್ಲ, ನಿಜ. ಆದರೆ ಪಟ್ಟಿ ಕೈಗೆ ಬಾರದೆ ಬಾಕಿ ಸರಿಯೋ ತಪ್ಪೋ ಗೊತ್ತಾಗಲ್ಲ.

ನಿಜಕ್ಕೂ ಕೈಯಲ್ಲಿರುವ ಸಮಯ ಹರಾಜಿಗೆ ಮುಂಚಿನದ್ದು. ಮೊದಲ ನೋಟಿಸಿಗೆ 60 ದಿನ ಗಡುವು. ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನಕ್ಕೆ ಪಡೆದ ಮೇಲೆ ನ್ಯಾಯಮಂಡಳಿಗೆ ಹೋಗಲು 45 ದಿನ. ಪೂರ್ತಿ ಹಣ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ದಿನದವರೆಗೂ ಇರುತ್ತೆ ಅಂತ ಕೆಲವರು ಕಾಯ್ತಾರೆ. 2016ರ ತಿದ್ದುಪಡಿ ನಂತರ ಹಾಗಿಲ್ಲ. ಹರಾಜಿನ ನೋಟಿಸ್ ಪ್ರಕಟವಾದ ದಿನಕ್ಕೇ ಆ ಹಕ್ಕು ಮುಗಿಯುತ್ತದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪತ್ರಿಕೆಯ ಒಳಪುಟದ ಆ ಸಣ್ಣ ಅಕ್ಷರಕ್ಕೆ ಅಷ್ಟು ತೂಕ.

ಉಳಿದ ಬಾಕಿಗೆ ಒಟಿಎಸ್ ಕೇಳಬಹುದು. ಆದರೆ ಅದು ಸಾಲಗಾರನ ಹಕ್ಕಲ್ಲ ಎಂದು 2021ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬ್ಯಾಂಕ್ ಒಪ್ಪಿದರೆ ಎಷ್ಟಕ್ಕೆ ಒಪ್ಪಿದೆ ಅನ್ನೋದು ಪತ್ರದಲ್ಲಿ ಇರಬೇಕು, ಕಟ್ಟಿದ ಮೇಲೆ ನೋ ಡ್ಯೂ ಪತ್ರ ಪಡೆಯಬೇಕು. ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಅವರ ಟ್ರಾನ್ಸ್‌ಫರ್ ಜೊತೆಗೇ ಹೋಗುತ್ತದೆ. ಸಿಬಿಲ್ ದಾಖಲೆಯಲ್ಲಿ ‘ಸೆಟಲ್ಡ್’ ಅಂತ ಬರುವುದರಿಂದ ಮುಂದಿನ ಸಾಲಕ್ಕೆ ತೊಡಕಂತೂ ಇದ್ದೇ ಇದೆ.

ಸಾಲಗಾರ ತೀರಿಕೊಂಡಿದ್ದರೆ, ಸಾಲಪತ್ರಕ್ಕೆ ಸಹಿ ಹಾಕದ ಹೆಂಡತಿ ಮಕ್ಕಳು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಜಾಮೀನು ಹಾಕಿದವರ ಸ್ಥಿತಿ ಅದಕ್ಕಿಂತ ಕಷ್ಟ. ಸಾಲಗಾರನಷ್ಟೇ ಹೊಣೆ ಅವರದ್ದೂ, ಬ್ಯಾಂಕ್ ಮೊದಲು ಅವರನ್ನೇ ಹಿಡಿದರೂ ಕೇಳುವಂತಿಲ್ಲ. ಭಾವ ಕರೆದ ಅಂತ, ಪಕ್ಕದ ಅಂಗಡಿಯವರು ಅಂತ ದಾಕ್ಷಿಣ್ಯಕ್ಕೆ ಸಹಿ ಹಾಕಿದವರು ಊರಲ್ಲಿ ಎಷ್ಟೋ ಮಂದಿ. ಆ ಸಾಲ ಈಗ ಎಲ್ಲಿಗೆ ಬಂದಿದೆ ಅಂತ ಶಾಖೆಗೆ ಹೋಗಿ ವಿಚಾರಿಸಿದವರು ಕಡಿಮೆ.