'ಮೋಜಿಗೆ ಹೋದವರು' ಅಂತ ಬರೆಯುವುದನ್ನು ಮೊದಲು ನಿಲ್ಲಿಸಿ

ಏಪ್ರಿಲ್ ಬಂತು. ಪರೀಕ್ಷೆ ಮುಗಿದವು, ಹೊಲದಲ್ಲಿ ಕೆಲಸ ಇಲ್ಲ, ಊರ ಕಟ್ಟೆಯ ಮೇಲೆ ಒಂದೇ ಮಾತು: "ಈ ಸಲ ಗೋವಾ ಹೊಡೆಯೋಣೇನ್ರಲೇ?" ಇನ್ನೊಂದು ತಿಂಗಳಿಗೆ ಪತ್ರಿಕೆಗಳಲ್ಲಿ ಬೇರೆ ಮಾತು ಶುರುವಾಗುತ್ತದೆ. 'ಮೋಜು ಮಸ್ತಿಗೆ ಹೋದವರು ನೀರುಪಾಲು.' ಹುಡುಗರ ಫೋಟೊ, ಊರು, ವಯಸ್ಸು, ಠಾಣೆಯಲ್ಲಿ ಪ್ರಕರಣ ದಾಖಲು. ಆ ಸುದ್ದಿ ಫೇಸ್‌ಬುಕ್ಕಿಗೆ ಬಂದರೆ ಕೆಳಗೆ ಸಾಲುಸಾಲು ಶಾಪ. ಕುಡದು ಕುಣಿಯಾಕ ಹೋಗಿದ್ರು, ಆಗಬೇಕಾದ್ದೇ ಆತು.

ಈ ತಲೆಬರಹವನ್ನು ನಾವೂ ಬರೆದಿದ್ದೇವೆ. ಪತ್ರಿಕೋದ್ಯಮ ಓದುವಾಗ ನಮ್ಮಲ್ಲಿ ಇಬ್ಬರು ಒಂದು ಪತ್ರಿಕೆಯ ಡೆಸ್ಕಿನಲ್ಲಿ ಎರಡು ತಿಂಗಳು ಕೂತಿದ್ದರು. ಕರಾವಳಿಯಿಂದ ನಾಲ್ಕು ಸಾಲಿನ ಸುದ್ದಿ ಬಂದರೆ ಮೇಲೆ ಹಾಕಲು ಅದೊಂದು ಸಿದ್ಧ ಮಾತು. ಪ್ರಾಸ ಇದೆ, ಜಾಗಕ್ಕೆ ಸರಿಹೊಂದುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಆ ದಿನ ಬಾವುಟ ಹಾಕಿದ್ದರೇ, ಜೀವರಕ್ಷಕ ಇದ್ದನೇ ಎಂದು ಕೇಳಿ ಒಂದು ಫೋನ್ ಕೂಡ ಮಾಡಲಿಲ್ಲ. ಸತ್ತವನದೇ ತಪ್ಪು ಅಂತ ತಲೆಬರಹದಲ್ಲೇ ತೀರ್ಪು ಕೊಟ್ಟ ಮೇಲೆ ಯಾರನ್ನು ಏನು ಕೇಳುವುದು?

ನಮಗೆ ಬುದ್ಧಿ ಬಂದದ್ದು ನೀರಿನಲ್ಲಿ.

ಹೋದ ವರ್ಷ, 2025ರ ಮೇ ಮೂರನೇ ವಾರ, ಹನ್ನೊಂದು ಜನ ಒಂದು ಕ್ರೂಸರ್ ಬಾಡಿಗೆ ಹಿಡಿದು ಹೊರಟೆವು. ತಲೆಗೆ ಮೂರೂವರೆ ಸಾವಿರ. ಪಂಪ್‌ಸೆಟ್ ರಿಪೇರಿಯವ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವ, ಇಬ್ಬರು ಗೌಂಡಿಗಳು, ಪಿಎಸ್‌ಐ ಪರೀಕ್ಷೆಗೆ ಓದುತ್ತ ಓದುತ್ತ ವಯಸ್ಸು ಕಳೆಯುತ್ತಿರುವ ಒಬ್ಬ, ಉಳಿದವರು ನಾವು. ಹನ್ನೊಂದರಲ್ಲಿ ಎಂಟು ಮಂದಿ ಅಲ್ಲಿಯ ತನಕ ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗಲೇ ಒಬ್ಬ "ಸಮುದ್ರದ ವಾಸನಿ ಬಂತು" ಅಂದ. ಸಮುದ್ರ ಇನ್ನೂ ಎಷ್ಟೋ ದೂರ ಇತ್ತು.

ಅಂಕೋಲಾದಿಂದ ಗೋಕರ್ಣದ ಕಡೆ ಹೊರಳಿದರೆ ದಾರಿಯಲ್ಲಿ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ಅಲ್ಲಿದ್ದ ಜನ, ನಿಂತಿದ್ದ ಲಾರಿ ಎಲ್ಲವೂ ಮಣ್ಣು, ಗಂಗಾವಳಿ ನದಿ ಪಾಲಾದ ಜಾಗ. ಚಾಲಕ ಗಾಡಿ ನಿಧಾನ ಮಾಡಿ ಕೈ ಮುಗಿದ. ಅಲ್ಲಿ ಚಹಾಕ್ಕೆ ನಿಂತವರು ಸತ್ತಾಗ ಯಾರೂ 'ಚಹಾದ ಚಟಕ್ಕೆ ಬಲಿ' ಅಂತ ಬರೆಯಲಿಲ್ಲ. ಹೆದ್ದಾರಿಗಾಗಿ ಗುಡ್ಡವನ್ನು ಹೇಗೆ ಕಡಿದರು ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ಅದೇ ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿ ಸಮುದ್ರದಲ್ಲಿ ಸತ್ತರೆ ಮಾತ್ರ ಆ ಪ್ರಶ್ನೆ ಎಲ್ಲಿ ಹೋಗುತ್ತದೆ?

ಮರುದಿನ ಬೆಳಗ್ಗೆ ಎಂಟು ಗಂಟೆ. ಗೋಕರ್ಣದ ಬೀಚುಗಳಲ್ಲಿ ಒಂದು. ಹೊಟ್ಟೆಯಲ್ಲಿ ಇದ್ದದ್ದು ಬನ್ಸ್ ಮತ್ತು ಚಹಾ, ಬೇರೆ ಏನೂ ಅಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇವೆ, ಯಾಕಂದರೆ ನೀವು ಮೊದಲು ಕೇಳುವುದೇ ಅದನ್ನು. ಮರಳಿನಲ್ಲಿ ಒಂದು ಕೆಂಪು ಬಾವುಟ ನೆಟ್ಟಿತ್ತು. ಯಾವುದೋ ಪಕ್ಷದ್ದೋ, ದೇವಸ್ಥಾನದ್ದೋ ಇರಬೇಕು ಅಂದುಕೊಂಡೆವು. ನಗಬೇಡಿ. ಕೆಂಪು ಬಾವುಟ ಅಂದರೆ ನೀರಿಗೆ ಇಳಿಯಬಾರದು ಅಂತ ನಮ್ಮ ಊರಲ್ಲಿ ಯಾವ ಮೇಷ್ಟ್ರು ಹೇಳಿಕೊಟ್ಟಿದ್ದಾರೆ? ನಿಮಗೆ ಗೊತ್ತಿತ್ತೇ?

ನಮ್ಮಲ್ಲಿ ಚೆನ್ನಾಗಿ ಈಜುವವ ಪಂಪ್‌ಸೆಟ್ಟಿನ ಗೆಳೆಯ. ಬಾವಿಗೆ ಮುಳುಗಿ ಫುಟ್‌ವಾಲ್ವ್ ಬಿಚ್ಚಿಕೊಂಡು ಬರುವವ. ಅವನೇ ಜಾಗ ಆರಿಸಿದ. "ಅಲ್ಲಿ ತೆರಿ ಇಲ್ಲ, ನೀರು ಸುಮ್ಮನ ಐತಿ, ಅಲ್ಲೇ ಇಳಿಯೋಣು" ಅಂದ. ಎದೆಮಟ್ಟ ಹೋಗಿದ್ದಾನೆ, ಮರುಗಳಿಗೆಗೆ ತಲೆ ಮಾತ್ರ ಕಾಣುತ್ತಿದೆ, ಅದೂ ದೂರ. ದಡದ ಕಡೆಗೇ ಕೈ ಬೀಸುತ್ತಿದ್ದಾನೆ, ಆದರೆ ಹಿಂದಕ್ಕೇ ಹೋಗುತ್ತಿದ್ದಾನೆ. ಇನ್ನಿಬ್ಬರು ಹಾರಲು ಹೋದರು. ದೋಣಿಯ ಹತ್ತಿರ ಬಲೆ ಸರಿಮಾಡುತ್ತಿದ್ದ ಒಬ್ಬರು ಓಡಿಬಂದು ಅವರ ಅಂಗಿ ಹಿಡಿದು ಕೆಡವಿ, ಹಗ್ಗ ಕಟ್ಟಿದ ಖಾಲಿ ಡಬ್ಬಿ ಹಿಡಿದುಕೊಂಡು ತಾವೇ ಇಳಿದರು. ಹತ್ತು ನಿಮಿಷ ಇರಬಹುದು. ನಮಗೆ ಅದು ಒಂದು ವರ್ಷ.

ಗೆಳೆಯ ಮರಳಿನ ಮೇಲೆ ಉಪ್ಪುನೀರು ಕಾರುತ್ತ ಬಿದ್ದಿದ್ದಾಗ ಅವರು ಹೇಳಿದ್ದು ಇಷ್ಟೇ: "ಅಲ್ಲಿ ನೀರು ಸುಮ್ನೆ ಕಾಣ್ತದಲ್ಲ ತಮ್ಮಾ, ಅದೇ ಎಳೆಯೋ ಜಾಗ."

ಅದರ ಲೆಕ್ಕವನ್ನು ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆವು. ತೆರೆಗಳು ದಡಕ್ಕೆ ನೀರು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸು ಹೋಗಬೇಕಲ್ಲ? ಮರಳದಿಬ್ಬಗಳ ನಡುವೆ ಅಥವಾ ಬಂಡೆಗಳ ಪಕ್ಕ ಎಲ್ಲಿ ಆಳವಾದ ಸಂದು ಇದೆಯೋ ಅಲ್ಲಿಂದ ಕಾಲುವೆಯ ಹಾಗೆ ಹಿಂದಕ್ಕೆ ಹರಿಯುತ್ತದೆ. ಆಳ ಇರುವುದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ, ನೊರೆ ಕಡಿಮೆ, ನೀರು ಶಾಂತ. ಕೆರೆ, ಬಾವಿ, ಕಾಲುವೆಯಲ್ಲಿ ಈಜು ಕಲಿತ ಬಯಲುಸೀಮೆಯ ಹುಡುಗ ಹುಡುಕಿಕೊಂಡು ಹೋಗುವುದೇ ಅಂಥ ಶಾಂತ ನೀರನ್ನು. ಸೆಳೆತ ಜೋರಾದಾಗ ಸೆಕೆಂಡಿಗೆ ಎರಡು ಮೀಟರ್ ವೇಗ ಮುಟ್ಟುತ್ತದೆ. ಒಲಿಂಪಿಕ್ ಈಜುಗಾರನೂ ಅದರ ವಿರುದ್ಧ ಈಜಿ ಗೆಲ್ಲಲಾರ. ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಾಯುವವರು ದಡದ ಕಡೆಗೇ ಈಜಿ ಈಜಿ ಸೋತು ಸಾಯುತ್ತಾರೆ. ಹೆದರದೆ ತೇಲಬೇಕು, ಕೈ ಎತ್ತಿ ಕೂಗಬೇಕು. ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ದಡದಲ್ಲಿರುವವರು ಹಾರಬಾರದು. ಖಾಲಿ ಕ್ಯಾನು, ಟ್ಯೂಬು, ಹಗ್ಗ ಏನು ಸಿಕ್ಕರೂ ಎಸೆಯಬೇಕು. ಓದಲು ಎರಡು ನಿಮಿಷ ಸಾಕು. ಹದಿನೈದು ವರ್ಷ ಶಾಲೆ ಕಾಲೇಜು ಓದಿದ ನಮಗೆ ಒಬ್ಬರೂ ಹೇಳಿರಲಿಲ್ಲ.

ಕಾಲದ ವಿಷಯವೂ ಅಷ್ಟೇ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಕರ್ನಾಟಕ, ಗೋವಾ ಎರಡೂ ಕಡೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲು ಕೆರಳುವ ಕಾಲ. ಸಮುದ್ರದಲ್ಲೇ ಹುಟ್ಟಿ ಬೆಳೆದವರು ದೋಣಿ ದಡಕ್ಕೆ ಎಳೆದು ಕೂರುವ ಹೊತ್ತಿನ ಆಚೀಚೆಯೇ ನಮಗೆ ರಜೆ, ರೂಮಿಗೆ ಅರ್ಧ ರೇಟು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಅಂದರೆ ನಾವು ಇಳಿದ ವಾರವೇ ಕಡಲು ಮಗ್ಗುಲು ಬದಲಿಸಿತ್ತು. ಮುಂಗಡ ಹಣ ತೆಗೆದುಕೊಂಡ ಲಾಡ್ಜಿನವರು ಆಧಾರ್ ಕಾರ್ಡ್ ಕೇಳಿದರು, ಎಷ್ಟು ಜನ, ಕುಡಿಯುತ್ತೀರೋ ಇಲ್ಲವೋ ಕೇಳಿದರು. ಈ ವಾರ ನೀರಿಗೆ ಇಳಿಯಬೇಡಿ ಅನ್ನಲಿಲ್ಲ.

ಇಷ್ಟು ಹೇಳಿದರೂ ಕೆಲವರು ಒಪ್ಪುವುದಿಲ್ಲ. ಮೋಜಿನ ಹುಡುಗರು ಹೊಣೆಗೇಡಿಗಳೇ ಅನ್ನುತ್ತಾರೆ. ಹಾಗಾದರೆ 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಮುಳುಗಿದ ನಾಲ್ಕು ಹೆಣ್ಣುಮಕ್ಕಳಿಗೆ ಏನು ಹೇಳುತ್ತೀರಿ? ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳು. ಶಾಲೆಯ ಪ್ರವಾಸಕ್ಕೆ ಬಂದವರು. ಮದ್ಯ ಇಲ್ಲ, ರಾತ್ರಿ ಪಾರ್ಟಿ ಇಲ್ಲ, ಮಳೆಗಾಲವೂ ಅಲ್ಲ. ಕೋಲಾರದ ಬಯಲಿನ ಮಕ್ಕಳು ಸಮುದ್ರ ನೋಡಿ ಹಿಗ್ಗಿ ಕಾಲಿಟ್ಟರು, ಅಷ್ಟೇ. ಸಮುದ್ರ ಯಾರ ಬಾಯಿಯನ್ನೂ ಮೂಸಿ ನೋಡುವುದಿಲ್ಲ.

ಇನ್ನು ಗೋವಾ. ಗೆಳೆಯ ಬದುಕಿದ ಖುಷಿಗೋ ಹೆದರಿಕೆಗೋ, ಆ ದಿನವೇ ಕಾರವಾರ, ಮಾಜಾಳಿ ದಾಟಿ ಹೋದೆವು. ಬಾಗಾದಲ್ಲಿ ಜೀವರಕ್ಷಕ ಸೀಟಿ ಊದಿ ಊದಿ ನಮ್ಮನ್ನು ಮೊಣಕಾಲುದ್ದದ ನೀರಿನಿಂದಲೇ ಹೊರಗೆ ಹಾಕಿದ. ಗೋವಾ ಸರ್ಕಾರ 2008ರಿಂದ ಬೀಚು ಕಾಯುವ ಕೆಲಸವನ್ನು ಒಂದು ಸಂಸ್ಥೆಗೆ ವಹಿಸಿದೆ. ಅವರ ಕರಾವಳಿ ಸುಮಾರು 100 ಕಿಲೋಮೀಟರ್, ನಮ್ಮ ಮೂರು ಜಿಲ್ಲೆಗಳದ್ದು 300ಕ್ಕೂ ಹೆಚ್ಚು. ನಮ್ಮಲ್ಲೂ ಹೆಸರಾದ ಬೀಚುಗಳಲ್ಲಿ ಜೀವರಕ್ಷಕರಿದ್ದಾರೆ, ಜೀವ ಪಣಕ್ಕಿಟ್ಟು ಜನರನ್ನು ಉಳಿಸಿದ್ದಾರೆ. ಆದರೆ ಜನ ಇಳಿಯುವುದು ಹೆಸರಾದ ಬೀಚುಗಳಿಗೆ ಮಾತ್ರವೇ?

ಗೋವಾವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ರಾತ್ರಿ ಒಂದು ಕ್ಲಬ್ಬಿನ ಬಾಗಿಲಲ್ಲಿ ನಮ್ಮ ಚಪ್ಪಲಿ ನೋಡಿಯೇ ತಡೆದರು. ಜೋಡಿಗಳಿಗೆ ಮಾತ್ರ, ಬರೀ ಗಂಡಸರಿಗೆ ಪ್ರವೇಶ ಇಲ್ಲ ಎಂದರು. ನಮ್ಮ ಕಣ್ಣೆದುರೇ ದೊಡ್ಡ ಕಾರಿನಿಂದ ಇಳಿದ ಐದು ಗಂಡಸರು ಒಳಗೆ ಹೋದರು. ಬಯಲಲ್ಲಿ ಅಡುಗೆ ಮಾಡಿದರೆ ದಂಡ ಎಂದು 2022ರಲ್ಲಿ ಗೋವಾದಲ್ಲಿ ಆದೇಶವೇ ಆಗಿದೆ. ಗಲೀಜು ಮಾಡಿ ಹೋದವರು ಇದ್ದರು, ಸುಳ್ಳಲ್ಲ. ಆದರೆ ರಸ್ತೆ ಬದಿ ಸ್ಟೋ ಹಚ್ಚುವವರು ಯಾರು? ಹೋಟೆಲಿನ ಊಟಕ್ಕೆ ಕೊಡಲು ದುಡ್ಡಿಲ್ಲದವರು. ಬಡವನ ಮೋಜಿಗೆ ದಂಡ, ಸಿರಿವಂತನ ಮೋಜಿಗೆ ಪ್ರವಾಸೋದ್ಯಮ ಎಂಬ ಹೆಸರು.

ಆ ಸಿರಿವಂತರ ಮೋಜಿನ ಮನೆ ಎಷ್ಟು ಭದ್ರ ಎಂಬುದೂ ಗೊತ್ತಾಯಿತು. 2025ರ ಡಿಸೆಂಬರಿನಲ್ಲಿ ಅರ್ಪೋರಾದ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತರು. ಹೆಚ್ಚಿನವರು ಕುಣಿಯಲು ಬಂದವರಲ್ಲ, ಅಲ್ಲಿ ದುಡಿಯುತ್ತಿದ್ದವರು. ನಮ್ಮಂಥದೇ ಹಳ್ಳಿಗಳಿಂದ ಪಾತ್ರೆ ತೊಳೆಯಲು, ಅಡುಗೆ ಮಾಡಲು ಹೋದ ಹುಡುಗರು. ಅವರನ್ನೂ 'ಮೋಜಿಗೆ ಬಲಿ' ಅನ್ನೋಣವೇ? ಸಾವಿಗೆ ಕಾರಣ ಬೇಕಾದರೆ ಬಾಗಿಲು ಎಷ್ಟಿದ್ದವು, ಪರವಾನಗಿ ಯಾರು ಕೊಟ್ಟರು ಅಂತ ಕೇಳಬೇಕು.

ನಮ್ಮ ತಪ್ಪಿಲ್ಲವೇ? ಇದೆ. ಆ ರಾತ್ರಿ ಕುಡಿದು ಬೀಚಿಗೆ ಹೋದ ಇಬ್ಬರನ್ನು ಎಳೆದು ತಂದೆವು. ಕುಡಿದು ನೀರಿಗಿಳಿಯುವುದು ಸಾವಿಗೆ ಕೈಬೀಸಿ ಕರೆದ ಹಾಗೆ, ಅದಕ್ಕೆ ಸಮರ್ಥನೆ ಇಲ್ಲ. ಒಬ್ಬ ವಿದೇಶಿ ಹೆಂಗಸಿನ ವಿಡಿಯೊ ಅವರನ್ನು ಕೇಳದೆಯೇ ತೆಗೆಯುತ್ತಿದ್ದ. ಅಳಿಸುವ ತನಕ ಅವನ ಜೊತೆ ಊಟ ಬಿಟ್ಟೆವು. 'ಗೋವಾದಲ್ಲಿ ಮಾತ್ರ ಮಾರಾಟಕ್ಕೆ' ಎಂದು ಬರೆದ ಎರಡು ಬಾಟಲಿಗಳನ್ನು ಸೀಟಿನಡಿ ಬಚ್ಚಿಟ್ಟಿದ್ದ ಗೌಂಡಿ ಗೆಳೆಯ ಅನಮೋಡದ ಚೆಕ್‌ಪೋಸ್ಟಿನಲ್ಲಿ ಅವನ್ನೂ ಕಳೆದುಕೊಂಡ, ಮರ್ಯಾದೆಯನ್ನೂ ಕಳೆದುಕೊಂಡ. ಇವೆಲ್ಲ ನಮ್ಮ ಲೆಕ್ಕಕ್ಕೇ ಬರಲಿ. ಆದರೆ ಕೆಂಪು ಬಾವುಟದ ಕೆಳಗೆ 'ಇಲ್ಲಿ ಇಳಿದರೆ ಎಳೆದುಕೊಂಡು ಹೋಗುತ್ತದೆ' ಅಂತ ದಪ್ಪ ಕನ್ನಡದಲ್ಲಿ ಒಂದು ಹಲಗೆ ಇಲ್ಲದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮೇ ತಿಂಗಳಿಡೀ, ಕತ್ತಲಾಗುವ ತನಕ, ಜನ ಸೇರುವ ಪ್ರತಿ ದಡದಲ್ಲಿ ಕಾವಲು ಇರಬೇಕು. ಅದಕ್ಕೆ ದುಡ್ಡಿಲ್ಲ ಅನ್ನುವವರು ಪಾರ್ಕಿಂಗ್ ಶುಲ್ಕಕ್ಕೆ ಮಾತ್ರ ಬೆಳಗಿನ ಜಾವದಿಂದಲೇ ಒಬ್ಬನನ್ನು ನಿಲ್ಲಿಸಿರುತ್ತಾರೆ.

ಪತ್ರಿಕೆಯ ಗೆಳೆಯರಿಗೂ ಒಂದು ಮಾತು. ಮುಂದಿನ ಸಲ ಇಂಥ ಸುದ್ದಿ ಬಂದಾಗ 'ಮೋಜು' ಎಂಬ ಪದದ ಜಾಗದಲ್ಲಿ ಹೊತ್ತು ಎಷ್ಟಾಗಿತ್ತು, ಬಾವುಟ ಇತ್ತೇ, ಜೀವರಕ್ಷಕ ಎಷ್ಟು ದೂರ ಇದ್ದ, ಆ ವರ್ಷ ಅದೇ ಜಾಗದಲ್ಲಿ ಇದು ಎಷ್ಟನೇ ಸಾವು ಅಂತ ಬರೆಯಿರಿ. ಜಾಗ ಅಷ್ಟೇ ಹಿಡಿಯುತ್ತದೆ.

ಈ ಮೇ ತಿಂಗಳಿಗೂ ಕ್ರೂಸರ್ ಹೇಳಿಟ್ಟಿದ್ದೇವೆ. ಹೋಗುವುದು ಮೊದಲ ವಾರ, ಕಡಲು ಕೆಡುವ ಮೊದಲು. ಪಂಪ್‌ಸೆಟ್ಟಿನ ಗೆಳೆಯ ಎರಡು ಖಾಲಿ ಕ್ಯಾನಿಗೆ ಐವತ್ತು ಅಡಿ ನೈಲಾನ್ ಹಗ್ಗ ಬಿಗಿದು ಈಗಲೇ ಅಂಗಡಿಯ ಮೂಲೆಯಲ್ಲಿ ಇಟ್ಟಿದ್ದಾನೆ. ಗೊಬ್ಬರದ ಅಂಗಡಿಯವನ ತಂಗಿ ಮೊನ್ನೆ ಕೇಳಿದಳು: "ಅಣ್ಣಾ, ನಾವು ನಾಲ್ಕು ಹುಡುಗ್ಯಾರು ಇನ್ನೊಂದು ಗಾಡಿ ಮಾಡ್ತೀವಿ, ಹಿಂದ ಬರಲೇನು?" ಅವನು ಇನ್ನೂ ಉತ್ತರ ಕೊಟ್ಟಿಲ್ಲ. ನಾವು ಹೂಂ ಅಂದಿದ್ದೇವೆ.